ಹದಿಮೂರನೆಯ ಚುಕ್ಕಿ

ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವುದನ್ನು ಕಾಯುತ್ತ ನಿಂತಿದ್ದ ಜಲಜಾ, ತಾನು ಆ ಕಾಳುಗಳನ್ನು ಎಣಿಸುತ್ತಿದ್ದೇನೆಂದು ಗೊತ್ತಾದ ಕೂಡಲೇ ಸ್ಟವ್ ಆರಿಸಿಬಿಟ್ಟಳು. ಹನ್ನೆರಡರ ತನಕ ಬಂದಿದ್ದಳು. ಮೂರು ವಾರದಿಂದ ಎಲ್ಲಿ ನೋಡಿದರೂ ಚುಕ್ಕಿಯೇ ಕಾಣುತ್ತಿತ್ತು. ಎದುರುಮನೆಯವಳು ಬಾಗಿಲಿಗೆ ಹಾಕಿದ ಚುಕ್ಕಿ ರಂಗೋಲಿಯಲ್ಲಿ, ಕೊಡದ ಹೊಟ್ಟೆಯ ಮೇಲೆ ಸಾಲಾಗಿ ನಿಂತ ನೀರ ಹನಿಗಳಲ್ಲಿ, ಕಣ್ಣು ಮುಚ್ಚಿದರೆ ರೆಪ್ಪೆಯ ಒಳಗೆ. ಈ ಮೂರು ವಾರ ಅವಳು ವಾಚು ಸಂಗ್ರಹಿಸುವ ಕೃಷ್ಣಪ್ರಸಾದರಿಗಾಗಿ ಹಳೆಯ ಕೈಗಡಿಯಾರಗಳ ಮುಖಗಳನ್ನು ಬರೆಯುತ್ತಿದ್ದಳು. ಹತ್ತೊಂಬತ್ತು ವಾಚು, ಹತ್ತೊಂಬತ್ತು ಹಾಳೆ, ಒಂದೊಂದು ಮುಖವೂ ಊಟದ ತಟ್ಟೆಯಷ್ಟು ದೊಡ್ಡದು. ಕೊನೆಯದು ನಿನ್ನೆ ಮುಗಿದಿತ್ತು. ಇವತ್ತು ಹನ್ನೊಂದು ಗಂಟೆಯೊಳಗೆ ಎಲ್ಲವನ್ನೂ ಮಾಂಬಲಂನ ಅವರ ಮನೆಗೆ ಮುಟ್ಟಿಸಬೇಕು. ಮಧ್ಯಾಹ್ನದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅವರ ಲೇಖನದ ಜೊತೆಗೆ ಅವು ಇಂಗ್ಲೆಂಡಿಗೆ ಹೋಗುತ್ತವೆ. ಹೋದ ಮೇಲೆ ಮಾತು ಮುಗಿಯಿತು. ಹೇಳುವುದಿದ್ದರೆ ಇವತ್ತೇ ಹೇಳಬೇಕು.

ಮಗಳು ಉಷಾ ಕನ್ನಡಿಯ ಮುಂದೆ ನಿಂತು ಜಡೆ ಹೆಣೆದುಕೊಳ್ಳುತ್ತಿದ್ದಳು. ಇಪ್ಪತ್ತಮೂರು ನಡೆಯುತ್ತಿರುವ ಹುಡುಗಿ, ಗಿಂಡಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಜಲಜಾ ಅಡುಗೆಮನೆಯ ಬಾಗಿಲಿನಿಂದ, "ಡಬ್ಬಿ ಕಟ್ಟಿಟ್ಟಿದ್ದೇನೆ, ಮರೀಬೇಡ," ಎಂದಳು. ಹುಡುಗಿ ತಿರುಗಲಿಲ್ಲ. ಅಡುಗೆಮನೆಯ ಬಾಗಿಲು ಅವಳ ಎಡಕ್ಕಿತ್ತು. ಜಲಜಾ ಕೈ ಒರೆಸಿಕೊಂಡು, ಮಂಚವನ್ನು ಬಳಸಿ ಬಲಗಡೆಗೆ ಹೋಗಿ ಅದೇ ಮಾತನ್ನು, ಈಗ ತಾನೇ ಮೊದಲ ಸಲ ಹೇಳುತ್ತಿರುವವಳ ಹಾಗೆ ಹೇಳಿದಳು. "ಕೇಟ್ಟುದುಮಾ," ಎಂದಳು ಉಷಾ, ಕೇಳಿಸಿತ್ತು ಎಂದು. ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎಂದು ಅವಳು ಹೇಳಿದ್ದನ್ನು ತಾಯಿ ಒಂದು ದಿನವೂ ಕೇಳಿದ್ದಿಲ್ಲ. ಬೀದಿಯಲ್ಲಿ ನಡೆಯುವಾಗ ಜಲಜಾ ಯಾವಾಗಲೂ ಮಗಳ ಬಲಕ್ಕೆ ಬರುತ್ತಾಳೆ. ಹೋದ ತಿಂಗಳು ಹೆಣ್ಣು ನೋಡಲು ಬಂದವರನ್ನು ಕೂರಿಸುವಾಗ ಕುರ್ಚಿಗಳನ್ನೆಲ್ಲ ಬಲಗೋಡೆಗೆ ಸರಿಸಿಟ್ಟಿದ್ದಳು. ಆದರೂ ಹುಡುಗನ ಅತ್ತೆ ಎದ್ದು ಬಂದು ಎಡಪಕ್ಕದಲ್ಲೇ ಕೂತು, ಸೀರೆಯ ಬಗ್ಗೆ ಏನೋ ಕೇಳಿ, ಉತ್ತರ ಬಾರದೆ ಮುಖ ನೋಡಿದ್ದಳು. ಆ ಮುಖವನ್ನು ಜಲಜಾ ಎಷ್ಟು ತೊಳೆದರೂ ಹೋಗದ ಕಲೆಯ ಹಾಗೆ ಇಟ್ಟುಕೊಂಡಿದ್ದಳು.

"ಇನ್ನಿಕ್ಕಿ ಪೋಗುದಾ? ಉನ್ ಪೇರು ಪ್ರಿಂಟ್‌ಲ ವರುಮಾ?" ಉಷಾ ಹಾಳೆಗಳ ಸುರುಳಿಯನ್ನು ನೋಡಿ, ಇವತ್ತೇ ಹೋಗುತ್ತದಾ, ನಿನ್ನ ಹೆಸರು ಅಚ್ಚಾಗುತ್ತದಾ ಎಂದು ತಮಿಳಿನಲ್ಲಿ ಕೇಳಿದಳು.

"ಹೆಸರು ಬರ್ತದಂತೆ. ಕೊನೆಗೆ, ಸಣ್ಣ ಅಕ್ಷರದಲ್ಲಿ."

"ಸಣ್ಣದಾದ್ರೆ ಏನಮ್ಮಾ, ಫಾರಿನ್‌ಲ ಬರ್ತದಲ್ಲ? ಅಪ್ಪಾ ಇದ್ದಿದ್ರೆ ಫ್ರೇಮ್ ಹಾಕಿ ಅಂಗಡೀಲಿ ತೂಗುಹಾಕ್ತಿದ್ರು." ನಕ್ಕು, ಚಪ್ಪಲಿ ಮೆಟ್ಟಿ ಹೋದಳು.

ತೂಗುಹಾಕುತ್ತಿದ್ದರೇ? ಗಂಡ ವಿಷ್ಣುಮೂರ್ತಿ ತೀರಿಕೊಂಡು ಆರು ವರ್ಷ. ಮದರಾಸಿನ ಮೂರ್ ಮಾರ್ಕೆಟ್ಟಿನಲ್ಲಿದ್ದ ಅವರ ವಾಚ್ ರಿಪೇರಿಯ ಅಂಗಡಿಯನ್ನು ಆಮೇಲೆ ಸಹಾಯಕ ಶೀನ ನಡೆಸಿದ. ಹೋದ ವರ್ಷ ಮಾರ್ಕೆಟ್ಟೇ ಸುಟ್ಟುಹೋದಾಗ ಅದೂ ಹೋಯಿತು. ಅವರ ಸಲಕರಣೆ, ಮನೆಯಿಂದ ಒಯ್ದು ಅಲ್ಲಿಟ್ಟಿದ್ದ ಅವಳ ಕುಂಚ, ಸೂಜಿ, ಬಣ್ಣದ ಪುಟ್ಟ ಬಟ್ಟಲುಗಳು, ಎಲ್ಲ. ಆಗ ಅವಳಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಗುರವೇ ಆಗಿತ್ತು. ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು. ಗೊತ್ತಾಗಲಿ ಎಂದು ತನಗೇ ಆಸೆಯಾಗುವ ದಿನ ಬಂದೀತೆಂದು ಆಗ ಯಾರು ಎಣಿಸಿದ್ದರು?

ಕಾಲೇಜು ಹುಡುಗಿಯರ ರೆಕಾರ್ಡ್ ಪುಸ್ತಕಗಳಿಗೆ ಕಪ್ಪೆಯ ಕರುಳು, ದಾಸವಾಳದ ಸೀಳು ಬರೆದುಕೊಟ್ಟು ಅವಳು ಈ ಆರು ವರ್ಷ ಸಂಸಾರ ನಡೆಸಿದ್ದಳು. ಅಂಥ ಒಂದು ಪುಸ್ತಕವನ್ನು ನೋಡಿಯೇ ಕೃಷ್ಣಪ್ರಸಾದರು ಹುಡುಕಿಕೊಂಡು ಬಂದದ್ದು. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ, ಮೈಸೂರು ಕಡೆಯ, ಮೆತ್ತನೆಯ ಮಾತಿನ ಮನುಷ್ಯ. ಬಾಗಿಲಲ್ಲಿ ವಿಷ್ಣುಮೂರ್ತಿಯ ಪಟ ನೋಡಿ ಕೈ ಮುಗಿದು, "ಅಯ್ಯೋ, ಇವರ ಮನೆಯೇನಮ್ಮ ಇದು. ಇಂಥ ಪ್ರಾಮಾಣಿಕರನ್ನ ನಾನು ನೋಡಿಲ್ಲ," ಎಂದಿದ್ದರು. ಫೋಟೋ ತೆಗೆಸಿದರೆ ಸಣ್ಣ ಗುರುತುಗಳು ಅಚ್ಚಿನಲ್ಲಿ ಮೂಡುವುದಿಲ್ಲ, ಕೈಯಲ್ಲೇ ಹತ್ತುಪಟ್ಟು ದೊಡ್ಡದಾಗಿ ಬರೆಯಬೇಕು ಎಂದು ವಿವರಿಸಿದರು. ಲಾವೆನ್ ಎಂಬ ಸ್ವಿಸ್ ಕಂಪನಿ, ಅದರ ಚಿನ್ನದ ವಾಚು, ಅದರಲ್ಲೂ ಒಂದೇ ನಮೂನೆ, 2417. ಬೆಲ್ಟು ಬಿಚ್ಚಿದರೆ, ಅದನ್ನು ಸಿಕ್ಕಿಸುವ ಎರಡು ಕಿವಿಗಳ ನಡುವೆ ಆ ಸಂಖ್ಯೆ ಕೊರೆದಿರುತ್ತದೆ. "ಒಂದೇ ನಂಬರು ಅಂದಮಾತ್ರಕ್ಕೆ ಒಂದೇ ವಾಚಲ್ಲ ನೋಡಿಮ್ಮ. ಮೊದಲ ವರ್ಷದ್ದಕ್ಕೆ ಮುಳ್ಳು ಎಲೆಯ ಹಾಗೆ. ಆಮೇಲೆ ಕಡ್ಡಿಯ ಹಾಗೆ ನೇರ. ಕೆಲವಕ್ಕೆ ನಾಲ್ಕರ ಅಂಕಿ ತಲೆ ತೆರೆದಿರತ್ತೆ, ಕೆಲವಕ್ಕೆ ಮುಚ್ಚಿರತ್ತೆ. ಕೀಲಿಯ ತಲೆ ಒಂದರಲ್ಲಿ ಈರುಳ್ಳಿ, ಒಂದರಲ್ಲಿ ಚಪ್ಪಟೆ." ಒಂದೊಂದು ವಾಚನ್ನೂ ಮಗುವನ್ನು ತೊಟ್ಟಿಲಿಂದ ಎತ್ತಿದ ಹಾಗೆ ಎತ್ತಿ ಬಟ್ಟೆಯ ಮೇಲೆ ಮಲಗಿಸುತ್ತಿದ್ದರು. ಕೊನೆಗೆ, ದನಿ ತಗ್ಗಿಸಿ, "ಇದು ಮಾತ್ರ ಇನ್ನೂ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ," ಎಂದು ಭೂತಗಾಜನ್ನು ಅವಳ ಕೈಗೆ ಕೊಟ್ಟಿದ್ದರು. ಮುಖದ ಕೆಳಭಾಗದಲ್ಲಿ ಸೆಕೆಂಡಿನ ಪುಟ್ಟ ಮುಳ್ಳು ಸುತ್ತುವ ಬಳೆ. ಬಳೆಯ ಸುತ್ತ ಐದೈದು ಸೆಕೆಂಡಿಗೆ ಒಂದರಂತೆ ಹನ್ನೆರಡು ಕಪ್ಪು ಚುಕ್ಕಿ. ಇಪ್ಪತ್ತನ್ನು ದಾಟಿ, ಇಪ್ಪತ್ತೈದಕ್ಕೆ ಇನ್ನೂ ಬಾರದ ಜಾಗದಲ್ಲಿ, ಬಳೆಯ ಹೊರಕ್ಕೆ ಒಂದು ಕೂದಲಿನಷ್ಟು ಸರಿದು, ಹದಿಮೂರನೆಯದು. ಮದರಾಸಿನಲ್ಲಿ ಸಿಕ್ಕ ವಾಚುಗಳಲ್ಲಿ ಮಾತ್ರ ಅದಿತ್ತು. ಸಮುದ್ರದ ಊರುಗಳಿಗೆ ತೇವ ತಡೆಯುವ ಹಾಗೆ ಕಂಪನಿ ಬೇರೆಯೇ ಒಂದು ತಂಡ ಮಾಡಿ, ಗುರುತಿಗೆ ಚುಕ್ಕಿ ಇಟ್ಟಿದೆ ಎಂಬುದು ಅವರ ವಾದ. ಹದಿನೈದು ವರ್ಷದ ಹುಡುಕಾಟ ಬಂದು ನಿಂತದ್ದು ಆ ಚುಕ್ಕಿಯ ಮೇಲೆ.

ಗಾಜಿನೊಳಗೆ ಅದನ್ನು ಕಂಡಾಗ ಜಲಜಾಗೆ ಮೊದಲು ಆದದ್ದು ನಾಚಿಕೆ. ಜನರ ನಡುವೆ ತನ್ನ ಹಳೆಯ ಒಳಲಂಗ ಕಂಡ ಹಾಗೆ. ಆಮೇಲೆ, ಅವರು "ಇದು ಸ್ವಿಸ್ ಕೈಯಮ್ಮ, ನಮ್ಮವರ ಕೈಯಲ್ಲಿ ಸಾಧ್ಯವೇ ಇಲ್ಲ," ಎಂದಾಗ ಒಂದು ಗರ್ವ. ಆ ಗರ್ವದಿಂದಲೇ ಅವಳು ಬಾಯಿ ಮುಚ್ಚಿಕೊಂಡು ಹತ್ತೊಂಬತ್ತೂ ಹಾಳೆ ಬರೆದಿದ್ದಳು.

ಮಾಂಬಲಂಗೆ ಎಲೆಕ್ಟ್ರಿಕ್ ರೈಲಿನಲ್ಲಿ ಒಂದೇ ಸ್ಟೇಷನ್ನು. ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುರುಳಿಯನ್ನು ಎದೆಗೆ ಅವಚಿಕೊಂಡು ನಿಂತರೆ, ಹೂವಿನ ಬುಟ್ಟಿಯವಳೊಬ್ಬಳು, "ಎನ್ನಮ್ಮಾ ಅದು, ಕಣ್ಣುಲ ಕುತ್ತುದು. ಮಡಿಚಿ ವೈಯೇನ್," ಎಂದಳು. ಕಣ್ಣಿಗೆ ಚುಚ್ಚುತ್ತದಂತೆ, ಮಡಿಸಿಡಬೇಕಂತೆ. "ಮಡಿಸಲಿಕ್ಕೆ ಆಗುದಿಲ್ಲ," ಎಂದು ಅವಳು ಕನ್ನಡದಲ್ಲೇ ಹೇಳಿ, ಆಮೇಲೆ ಅದನ್ನು ತಮಿಳಿನಲ್ಲಿ ಹೇಳಲು ಹೋಗಿ ಸುಮ್ಮನಾದಳು. ಇಪ್ಪತ್ತಾರು ವರ್ಷವಾಗಿತ್ತು ಈ ಊರಿಗೆ ಬಂದು. ಮೊದಲು ಚೂಳೈಯಲ್ಲಿ ಮನೆ, ಒಂದು ಕೋಣೆ ಮತ್ತು ಹಿಂದೆ ತಗಡಿನ ಮಾಡಿನ ಇನ್ನೊಂದು. ಆ ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಅವಳ ಕೆಲಸ. ಸಮುದ್ರದ ಗಾಳಿಗೆ ವಾಚಿನ ಬಿಳಿ ಮುಖಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತಿತ್ತು. ವಕೀಲರು, ಡಾಕ್ಟರರು ಅಂಗಡಿಗೆ ತಂದು ಕೊಡುತ್ತಿದ್ದರು, ಒಂದು ಷರತ್ತಿನೊಂದಿಗೆ: ಮುಖಕ್ಕೆ ಬಣ್ಣ ಹಚ್ಚಬಾರದು, ಅಸಲಿಯಾಗೇ ಇರಬೇಕು. ಮತ್ತು ಹೊಸದರ ಹಾಗೆ ಹೊಳೆಯಬೇಕು. ಎರಡೂ ಒಟ್ಟಿಗೆ ಆಗುವ ಮಾತಲ್ಲ ಎಂದು ಬೇರೆ ಅಂಗಡಿಯವರು ವಾಪಸು ಕಳಿಸುತ್ತಿದ್ದರು. ವಿಷ್ಣುಮೂರ್ತಿ ಕಳಿಸಲಿಲ್ಲ. "ಬರೇ ತೊಳೆಯುದು ಸಾರ್. ಅದಕ್ಕೆ ಒಂದು ಫಾರಿನ್ ನೀರುಂಟು. ಬ್ರಷ್ ತಾಗಿಸುದಿಲ್ಲ," ಎಂದು ಕೈ ಎದೆಯ ಮೇಲಿಟ್ಟು ಹೇಳುತ್ತಿದ್ದರು. ಸಂಜೆ ಆ ಮುಖಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಇಟ್ಟು ಮನೆಗೆ ತರುವರು. ಹಳೆಯ ಬಣ್ಣವೆಲ್ಲ ಕೆರೆದು, ಹೊಸ ಬಿಳಿ ಹೊದಿಸಿ, ಕಂಪನಿಯ ಹೆಸರನ್ನು ರಬ್ಬರಿನ ಅಚ್ಚಿನಿಂದ ಒತ್ತಿ ಕೊಡುವರು. ಅಂಕಿ, ಗೆರೆ, ಬಳೆ, ಚುಕ್ಕಿ ಅವಳದು. ಬಣ್ಣ ಬೇಗ ಒಣಗದಿರಲು ಒಂದು ತೊಟ್ಟು ಲವಂಗದೆಣ್ಣೆ. ಉಸಿರು ಬಿಗಿಹಿಡಿದು ಒಂದು ಚುಕ್ಕಿ, ಬಿಟ್ಟು ಹಿಡಿದು ಇನ್ನೊಂದು. ನಡುವೆ ನಿಲ್ಲಿಸಿದರೆ ಮೊದಲಿನ ಚುಕ್ಕಿ ಒಣಗಿ ಬೇರೆಯೇ ಕಪ್ಪಾಗುತ್ತಿತ್ತು. ಬಳೆಯೊಂದನ್ನು ಹಿಡಿದರೆ ಮುಗಿಸಿಯೇ ಏಳಬೇಕು.

ಅರುವತ್ತನಾಲ್ಕರ ಸೆಖೆಗಾಲ. ಬೆಳಿಗ್ಗೆ ಪಕ್ಕದ ಮನೆಯವಳು ಬಂದು ಉಷಾಳ ಕೆನ್ನೆ ಹಿಂಡಿ, ಎಷ್ಟು ಗುಂಡುಗುಂಡಾಗಿದೆ ಈ ಮಗು, ಅಳುವುದೇ ಇಲ್ಲ, ಎಂದು ಹೇಳಿ ಹೋಗಿದ್ದಳು. ಹತ್ತು ತಿಂಗಳ ಮಗು. ಕೆನ್ನೆಗೆ ಕಾಡಿಗೆಯ ಬೊಟ್ಟಿಡುವುದು ಅವತ್ತು ಮರೆತಿತ್ತು; ಯಾಕೆ ಮರೆಯಿತೆಂದು ಆಮೇಲೆ ಎಷ್ಟು ಸಲ ಕೇಳಿಕೊಂಡರೂ ನೆನಪಾಗಲಿಲ್ಲ. ಮಧ್ಯಾಹ್ನದಿಂದ ಮಗುವಿಗೆ ಮೈ ಬಿಸಿ. ಕಿವಿಯನ್ನು ದಿಂಬಿಗೆ ಉಜ್ಜುತ್ತಿತ್ತು. ಮೂರು ದಿನದಿಂದ ಕಿವಿ ಸ್ವಲ್ಪ ಒಸರುತ್ತಿತ್ತು, ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಒಂದು ಲಾವೆನ್ ಮುಖದ ಬಳೆಯಲ್ಲಿ ಮೂರು ಚುಕ್ಕಿ ಆಗಿದ್ದಾಗ ಮಗು ಅಳಲು ಶುರುಮಾಡಿತು. ನಾಲ್ಕು, ಐದು. ಅಳು ಏರಿತು. ಏಳಕ್ಕೆ ಬರುವಾಗ ಅದು ಅಳುವೇ ಅಲ್ಲ, ಬೇರೆ ಏನೋ ಸ್ವರ. ಈಗ ಮುಗಿಯಿತು ಕಂದ, ಈಗ ಬಂದೆ, ಎಂದು ಬಾಯಿಯಲ್ಲಿ ಹೇಳುತ್ತ, ಉಸಿರು ಬಿಗಿಹಿಡಿಯುವಾಗ ಅದನ್ನೂ ನಿಲ್ಲಿಸಿ, ಹನ್ನೆರಡನ್ನೂ ಮುಗಿಸಿದಳು. ಎದ್ದು ಬರುವಾಗ ಮಗು ಸುಮ್ಮನಾಗಿತ್ತು. ದಿಂಬಿನ ಮೇಲೆ ಕೀವು, ನೆತ್ತರು. ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲೇ ತಂದಿದ್ದರೆ, ಎಂದು ಶುರುಮಾಡಿ ಅವಳ ಮುಖ ನೋಡಿ, ತಂದಿದ್ದರೂ ಹೇಳಲಾಗುವುದಿಲ್ಲ, ಎಂದು ಮುಗಿಸಿದರು. ಎಡಗಿವಿ ಹೋಯಿತು. ಆ ರಾತ್ರಿ ವಿಷ್ಣುಮೂರ್ತಿ ಆ ಮುಖವನ್ನು ಗಾಜಿನಲ್ಲಿ ನೋಡಿ, "ಕಂಪನಿಯವನು ಸಹ ಇಷ್ಟು ಚಂದ ಬರೀಲಿಕ್ಕಿಲ್ಲ," ಎಂದರು. ಮಗುವಿನ ವಿಷಯ ಮರೆಸಲಿಕ್ಕೆ ಹೇಳಿದ ಮಾತು ಅದು, ಅವಳಿಗೆ ತಿಳಿದಿತ್ತು. ಆದರೂ ಆ ಮುಖವನ್ನು ನೋಡಿದಾಗ ಒಂದೂ ಕುಂದಿಲ್ಲದ ಅದರ ನುಣುಪು ಅವಳನ್ನು ಹೆದರಿಸಿತು. ಮಾರನೆಯ ವಾರ ಕೆಲಸಕ್ಕೆ ಕೂತಾಗ ಬಳೆ ಮುಗಿಸಿ, ಕುಂಚದಲ್ಲಿ ಉಳಿದಿದ್ದ ಕಪ್ಪನ್ನು ಹಾಗೆಯೇ ಒಂದು ಬದಿಗೆ ಮುಟ್ಟಿಸಿದಳು. ದೃಷ್ಟಿಬೊಟ್ಟು. ಆಮೇಲೆ ಒಂಬತ್ತು ವರ್ಷ, ಕಣ್ಣು ಮಂಜಾಗಿ ಕೆಲಸ ಬಿಡುವ ತನಕ, ಅದಿಲ್ಲದೆ ಒಂದು ಮುಖವನ್ನೂ ಅವಳು ಕೈಯಿಂದ ಬಿಡಲಿಲ್ಲ. ವಿಷ್ಣುಮೂರ್ತಿ ಅದನ್ನು ಕಂಡಿದ್ದರೋ ಇಲ್ಲವೋ. ಕೇಳಲಿಲ್ಲ.

ಅದು ತನ್ನದು. ತೇವದ ಗುರುತಲ್ಲ, ಸಮುದ್ರದ ಊರಿನ ತಂಡದ್ದಲ್ಲ. ಆ ಒಂದು ಮಧ್ಯಾಹ್ನಕ್ಕೆ ತನ್ನ ಬಳಿ ಇರುವ ಸಾಕ್ಷಿ ಅದೊಂದೇ. ಅದನ್ನು ಏನೂ ಗೊತ್ತಿಲ್ಲದ ಕಂಪನಿಯೊಂದಕ್ಕೆ ಬರೆದುಕೊಡುವುದೆಂದರೆ ಅವಳಿಗೆ ಮಗಳನ್ನೇ ಎರಡನೆಯ ಸಲ ಅಳಲು ಬಿಟ್ಟ ಹಾಗೆ ಅನಿಸುತ್ತಿತ್ತು. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅವಳು ಸುರುಳಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಹೇಳಿದರೆ ಆ ಒಳ್ಳೆಯ ಮನುಷ್ಯನ ಹದಿನೈದು ವರ್ಷ? ಹೇಳಿದರೆ ವಿಷ್ಣುಮೂರ್ತಿಯ ಹೆಸರು?

ಬಾಗಿಲು ತೆರೆದವರು ಕೃಷ್ಣಪ್ರಸಾದರ ಹೆಂಡತಿ ಶಾರದಮ್ಮ. "ಬನ್ನಿ ಬನ್ನಿ. ಬೆಳಿಗ್ಗೆಯಿಂದ ಇವರು ಬಾಗಿಲಿಗೂ ಟೇಬಲ್ಲಿಗೂ ಓಡಾಡ್ತಿದಾರೆ, ಹೆರಿಗೆ ಆಸ್ಪತ್ರೇಲಿ ಓಡಾಡೋ ಹಾಗೆ. ನಮ್ಮ ಮನೇಲಿ ಹೆರಿಗೆ ಆದಾಗ ಆಫೀಸಿನಲ್ಲಿದ್ರು," ಎಂದರು. ಒಳಗೆ ಕೂರಿಸಿ, "ಹೆಂಡ್ತಿ ಮುಖದಲ್ಲಿ ಎಷ್ಟು ಮಚ್ಚೆ ಇದೆ ಕೇಳಿ, ಗೊತ್ತಿಲ್ಲ. ವಾಚಿನ ಮುಖದಲ್ಲಿ ಚುಕ್ಕಿ ಎಷ್ಟು ಕೇಳಿ, ನಿದ್ದೇಲೂ ಹೇಳ್ತಾರೆ."

"ಕಾಫಿ ಕೊಡೇ ಅವರಿಗೆ," ಎಂದು ಕೃಷ್ಣಪ್ರಸಾದರು ನಗುತ್ತ ಸುರುಳಿಯನ್ನು ಬಿಡಿಸಿದರು. ನಾಲ್ಕು ಮೂಲೆಗೂ ಪುಸ್ತಕ ಇಟ್ಟು, ಒಂದೊಂದೇ ಹಾಳೆಯನ್ನು ನೋಡಿದರು. ಅವರ ಬೋಳು ನೆತ್ತಿ ಕಿಟಕಿಯ ಬೆಳಕಿನಲ್ಲಿ ಬೆವರಿತ್ತು. ಟೈಪು ಮಾಡಿದ ಲೇಖನ ಪಕ್ಕದಲ್ಲೇ ಇತ್ತು. ಇಂಗ್ಲೆಂಡಿನ ಸಂಗ್ರಾಹಕರ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಲು ಒಪ್ಪಿದೆ. ಇನ್ನು ಮುಂದೆ ಜಗತ್ತಿನ ಪಟ್ಟಿಗಳಲ್ಲೆಲ್ಲ ಈ ಚುಕ್ಕಿಗೆ ಒಂದು ಹೆಸರಿರುತ್ತದೆ ಎಂದು, ನಿನ್ನೆ ಕೆಲಸ ನೋಡಲು ಅವಳ ಮನೆಗೆ ಬಂದಾಗ ಅವರು ಹೇಳಿದ್ದರು. ಆಗಲೇ ಒಂದು ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿಯೂ ಇದ್ದರು: ಈ ಮುಖಗಳು ಮೂಲದವೇ ಎಂಬುದಕ್ಕೆ, ಮದರಾಸಿನ ದಿವಂಗತ ವಿಷ್ಣುಮೂರ್ತಿ ಎಂಬ ಪ್ರಾಮಾಣಿಕ ರಿಪೇರಿಯವರ ಮಾತೇ ಆಧಾರ. ಅದನ್ನು ಕೇಳಿದ ಮೇಲೆಯೇ ಜಲಜಾಗೆ ಊಟ ಸೇರದೆ ಹೋದದ್ದು.

"ಸಾರ್, ಒಂದು ಮಾತುಂಟು."

"ಹೇಳಿಮ್ಮ."

"ಆ ಹದಿಮೂರನೆ ಚುಕ್ಕಿ ಕಂಪನಿಯದ್ದಲ್ಲ. ಅದು ನಾನು ಇಟ್ಟದ್ದು. ಚಿತ್ರದಲ್ಲಲ್ಲ. ವಾಚಿನಲ್ಲಿ."

ಅವರು ತಲೆಯೆತ್ತಿ, ಅರ್ಥವಾಗದ ನಗುವನ್ನು ಹಾಗೆಯೇ ಇಟ್ಟುಕೊಂಡು ಅವಳನ್ನು ನೋಡಿದರು. ಅವಳು ಹೇಳತೊಡಗಿದಳು. ಚೂಳೈಯ ಮನೆ, ಬೆಂಕಿಪೆಟ್ಟಿಗೆ, ಲವಂಗದೆಣ್ಣೆ. ರೈಲಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಹಿಂದುಮುಂದಾಗಿ ಬಂದವು. ಹತ್ತೊಂಬತ್ತಲ್ಲ, ನಲುವತ್ತಾದರೂ ಮಾಡಿದ್ದೇನೆ ಎಂದಳು. ಕಾಫಿ ತಂದ ಶಾರದಮ್ಮ ಲೋಟವನ್ನು ಕೈಯಲ್ಲೇ ಹಿಡಿದು ನಿಂತರು.

"ಅಲ್ಲಮ್ಮ," ಎಂದರು ಕೃಷ್ಣಪ್ರಸಾದರು, ಮಗುವಿಗೆ ಲೆಕ್ಕ ಹೇಳಿಕೊಡುವ ತಾಳ್ಮೆಯಲ್ಲಿ. "ಯಾರಾದ್ರೂ ಯಾಕೆ ಹೆಚ್ಚಿಗೆ ಒಂದು ಚುಕ್ಕಿ ಇಡ್ತಾರೆ?"

"ದೃಷ್ಟಿ ಆಗಬಾರದು ಅಂತ."

ಶಾರದಮ್ಮನಿಗೆ ನಗು ಬಂತು. "ವಾಚಿಗಾ?"

"ಮಗುವಿಗೆ," ಎಂದಳು ಜಲಜಾ. ಉಷಾಳ ಕಿವಿಯನ್ನು ಈ ಟೇಬಲ್ಲಿನ ಮೇಲೆ ವಾಚುಗಳ ನಡುವೆ ಇಡಲು ಅವಳಿಂದಾಗಲಿಲ್ಲ. ಶಾರದಮ್ಮನ ನಗು ಅವಳ ಮುಖ ನೋಡಿ ನಿಂತುಹೋಯಿತು.

ಕೃಷ್ಣಪ್ರಸಾದರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿಮ್ಮ. ಈ ವಾಚುಗಳಲ್ಲಿ ಏಳನ್ನ ನಾನು ನಿಮ್ಮ ಯಜಮಾನರ ಮೂಲಕವೇ ತಗೊಂಡದ್ದು. ಒಂದೊಂದಕ್ಕೂ ಕೇಳಿದೀನಿ, ಮುಖ ಅಸಲಿಯೇ ಅಂತ. ಬ್ರಷ್ ತಾಗಿಲ್ಲ ಸಾರ್, ಬರೇ ತೊಳೆದದ್ದು ಅಂತ ಎದೆ ಮುಟ್ಟಿ ಹೇಳಿದಾರೆ. ಅವರು ಸುಳ್ಳು ಹೇಳಿದ್ರು ಅಂತೀರಾ?"

ಅಂಗಡಿಯಿಂದ ಬಂದ ಕೂಡಲೇ ವಿಷ್ಣುಮೂರ್ತಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆಯುತ್ತಿದ್ದರು. ಎಣ್ಣೆ, ಕಿಲುಬು ಎಂದು ಅವಳು ತಿಳಿದಿದ್ದಳು. ಸಾಯುವ ಮೊದಲು ಆಸ್ಪತ್ರೆಯಲ್ಲಿ, "ಎಲ್ಲಾ ನಿನ್ನ ಕೈ, ಹೆಸರು ಮಾತ್ರ ನನ್ನದು," ಎಂದು ಒಂದು ಸಲ ಹೇಳಿದ್ದರು. ನರ್ಸು ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತ್ತು. ಗಂಡನನ್ನೂ ಸುಳ್ಳನ್ನೂ ಒಂದೇ ಮಾತಿನಲ್ಲಿ ಇಟ್ಟು ಅವಳು ಬೇರೆಯವರ ಎದುರು ಎಂದೂ ಹೇಳಿದವಳಲ್ಲ.

"ಹೌದು," ಎಂದಳು. "ಸುಳ್ಳು ಹೇಳಿದ್ರು."

ಕೃಷ್ಣಪ್ರಸಾದರು ಸಿಟ್ಟಾಗುತ್ತಾರೆ ಎಂದು ಅವಳು ಕಾದಳು. ಅವರು ಸಿಟ್ಟಾಗಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು. "ಮೂರು ವಾರ ಹಗಲೂ ರಾತ್ರಿ ಇದನ್ನೇ ನೋಡಿದೀರಿ. ಹಾಗನ್ನಿಸತ್ತೆ ಕಣಮ್ಮ. ನನಗೂ ಎಷ್ಟೋ ಸಲ ನಾನೇ ಆ ಕಾರ್ಖಾನೇಲಿ ಕೂತು ಮಾಡಿದ ಹಾಗೆ ಅನ್ನಿಸಿದೆ. ಒಬ್ಬರೇ ಇರ್ತೀರಿ, ಮಗಳ ಮದುವೆ ಚಿಂತೆ ಬೇರೆ. ಕಾಫಿ ಕುಡೀರಿ ಮೊದಲು." ಅಷ್ಟು ಕರುಣೆಯಿಂದ ಹೇಳಿದರು. ತಾನು ಹುಚ್ಚಿಯ ಹಾಗೆ ಕಂಡಿರಬೇಕು. ಒಂದು ಕ್ಷಣ ಅವಳಿಗೇ ಅನುಮಾನ ಬಂತು. ಆ ಕಿಟಕಿ, ಆ ಮಧ್ಯಾಹ್ನ, ಉಸಿರು ಬಿಗಿಹಿಡಿದ ಆ ಹನ್ನೆರಡು ಸಲ, ಎಲ್ಲವೂ ಬರೆದು ಬರೆದು ತಾನೇ ಕಟ್ಟಿಕೊಂಡದ್ದೇನೋ ಎಂದು. ಕೈಯನ್ನು ಮಡಿಲಿನಲ್ಲಿ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಶಾಯಿ ಇತ್ತು. ಈಗ ಇದೇ ಕೈಗೆ ಒಂದು ಕುಂಚ, ಒಂದು ಮುಖ ಕೊಟ್ಟರೆ ಇಟ್ಟು ತೋರಿಸಲಾಗುತ್ತದೆ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಆಗ ಇನ್ನೊಂದು ನೆನಪಾಯಿತು.

"ಬೇರೆ ಕಂಪನಿಯ ವಾಚಿಗೂ ಇಟ್ಟಿದ್ದೇನೆ ಸಾರ್. ಈ ಚುಕ್ಕಿಬಳೆ ಲಾವೆನ್‌ಗೆ ಮಾತ್ರ ಇದ್ದದ್ದು. ಬೇರೆಯದಕ್ಕೆ ಆರರ ಅಂಕಿಯ ಕೆಳಗೆ, ಎಡಗಡೆ ಇಡ್ತಿದ್ದೆ. ನೀವು ಲಾವೆನ್ ಬಿಟ್ಟು ಬೇರೆ ನೋಡುದಿಲ್ಲ, ಅದಕ್ಕೆ ಕಾಣಲಿಲ್ಲ."

ಮಾತಾಡಿದವರು ಶಾರದಮ್ಮ. "ರೀ, ನಮ್ಮಪ್ಪ ಮದುವೇಲಿ ನಿಮಗೆ ಕೊಟ್ಟಿದ್ದೂ ಅವರ ಹತ್ರಾನೇ ತೊಳೆಸಿದ್ದಲ್ವಾ? ಅದು ಬೇರೆ ಕಂಪನಿಯದು. ಬೀರೂನಲ್ಲೇ ಇದೆ. ತರಲಾ?"

"ಬೇಡ."

"ಒಂದು ನಿಮಿಷ. ಮೇಲಿನ ಖಾನೇಲೇ..."

"ಬೇಡ ಅಂದೆನಲ್ಲ ಶಾರದಾ."

ಮೂವತ್ತೈದು ವರ್ಷದ ಸಂಸಾರದಲ್ಲಿ ಆ ದನಿಯನ್ನು ಶಾರದಮ್ಮ ಬಹಳ ಸಲ ಕೇಳಿರಲಿಕ್ಕಿಲ್ಲ. ಲೋಟವನ್ನು ಟೇಬಲ್ಲಿನ ಅಂಚಿಗೆ 'ಟಕ್' ಎಂದು ಇಟ್ಟು, ಒಳಗೆ ಹೋಗದೆ, ಬಾಗಿಲಿಗೆ ಒರಗಿ ನಿಂತರು. ಜಲಜಾ ಕಾಫಿ ಕುಡಿದಳು. ಅದು ಆರಿಹೋಗಿತ್ತು. ಎದುರಿಗೆ ಆ ಮನುಷ್ಯ ಮೊದಲ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು, ಊಟದ ತಟ್ಟೆಯಷ್ಟಿದ್ದ ಚಿತ್ರವನ್ನು, ಬರಿಗಣ್ಣಿಗೇ ಸ್ಪಷ್ಟವಾಗಿದ್ದದ್ದನ್ನು, ಭೂತಗಾಜು ಹಿಡಿದು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಗಾಜನ್ನು ಕಣ್ಣಿಗೆ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಅವರಿಗೆ ವಯಸ್ಸಾಗಿದೆ ಎಂದು ಅವಳು ಅವತ್ತೇ ಗಮನಿಸಿದ್ದು.

"ಇಲ್ಲಿ ನೋಡಿಮ್ಮ," ಎಂದರು ಕೊನೆಗೆ, ತಲೆಯೆತ್ತದೆ. "ಹನ್ನೆರಡೂ ದುಂಡಗಿದೆ. ಹದಿಮೂರನೇದಕ್ಕೆ ಒಂದು ಚೂರು ಬಾಲ ಬಂದಿದೆ."

"ವಾಚಿನಲ್ಲೂ ಹಾಗೆಯೇ ಉಂಟು. ಇದ್ದ ಹಾಗೆ ಬರೀಬೇಕು ಅಂತ ನೀವೇ ಹೇಳಿದ್ದು. ಹನ್ನೆರಡನ್ನು ಸೂಜಿಯಿಂದ ಇಳಿಸುದು. ಅದೊಂದು ಕುಂಚದ್ದು. ಎತ್ತುವಾಗ ಕೂದಲು ಎಳೀತದೆ."

"ಇರಬಹುದು." ಅವರು ಗಾಜನ್ನು ಕೆಳಗಿಟ್ಟರು. "ಆದ್ರೆ ಅಲ್ಲಿಯವರು ಇದನ್ನ ನೋಡಿದ್ರೆ, ಕೈಯಲ್ಲಿ ಇಟ್ಟ ಹಾಗೆ ಕಾಣತ್ತೆ. ಮಿಕ್ಕ ಹನ್ನೆರಡರ ಹಾಗೇ ಮಾಡಿಬಿಡಿ. ಹತ್ತೊಂಬತ್ತರಲ್ಲೂ." ಸ್ವಲ್ಪ ತಡೆದು, "ಮೂರು ಗಂಟೆವರೆಗೆ ಟೈಮಿದೆ," ಎಂದರು.

ಆಗ ಅವರು ಅವಳನ್ನು ನೋಡಿದರು. ಅವಳ ಮಾತನ್ನು ಅವರು ನಂಬಿದ್ದಾರೆ ಎಂಬುದು ಆ ಕಣ್ಣಿನಲ್ಲಿತ್ತು. ನಂಬಿದ್ದಕ್ಕೇ ಕೇಳುತ್ತಿದ್ದಾರೆ. ಆಗುವುದಿಲ್ಲ ಎನ್ನಬಹುದಿತ್ತು. ಸುರುಳಿ ಸುತ್ತಿಕೊಂಡು ಹನ್ನೆರಡು ಗಂಟೆಯ ರೈಲಿಗೆ ಹೋಗಬಹುದಿತ್ತು. ಹೋಗಿ ಏನು ಮಾಡುವುದು, ಯಾರಿಗೆ ಹೇಳುವುದು? ಆ ಕಣ್ಣು ಬೈದಿದ್ದರೆ, ಬೆದರಿಸಿದ್ದರೆ ಏಳುತ್ತಿದ್ದಳೇನೋ. ಅದು ಬೇಡುತ್ತಿತ್ತು. ಬೇಡುವವರಿಗೆ ಅವಳು ಎಂದೂ ಬೆನ್ನು ಹಾಕಿದವಳಲ್ಲ. ಆ ಒಂದು ಮಧ್ಯಾಹ್ನ ಬಿಟ್ಟು.

"ಬ್ಲೇಡ್ ಉಂಟಾ?" ಎಂದು ಕೇಳಿದಳು.

ಶಾರದಮ್ಮ ಕದಲಲಿಲ್ಲ. ಕೃಷ್ಣಪ್ರಸಾದರೇ ಎದ್ದು ಬಚ್ಚಲಿನಿಂದ ಕ್ಷೌರದ ಬ್ಲೇಡು ತಂದು ಕಾಗದದ ಮೇಲಿಟ್ಟರು. ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬ್ಲೇಡಿನ ಮೂಲೆಯಿಂದ ಆ ಬಾಲವನ್ನು ಕೆರೆದಳು. ಕಪ್ಪು ಪುಡಿ ಎದ್ದಿತು. ಊದಿದಳು. ಕೆರೆದ ಜಾಗವನ್ನು ಉಗುರಿನ ಬೆನ್ನಿನಿಂದ ಉಜ್ಜಿ ನುಣುಪು ಮಾಡಿ, ಪೆನ್ನಿಗೆ ಶಾಯಿ ಮುಟ್ಟಿಸಿ, ಉಸಿರು ಬಿಗಿಹಿಡಿದು ಅಂಚನ್ನು ಸುತ್ತಿದಳು. ಅವಳ ಹಿಂದೆ ನಿಂತಿದ್ದ ಅವರೂ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಬಾಗಿಲಲ್ಲಿದ್ದ ಶಾರದಮ್ಮ, "ನಿಮಗೆಷ್ಟು ಮಕ್ಕಳು ಜಲಜಾ?" ಎಂದು ಮೆಲ್ಲಗೆ ಕೇಳಿದರು. "ಒಬ್ಬಳೇ," ಎಂದು ಹೇಳಿ ಅವಳು ಎರಡನೆಯ ಹಾಳೆಯನ್ನು ಎಳೆದುಕೊಂಡಳು. ಮೂರನೆಯದರಲ್ಲಿ ಕೈ ಒಮ್ಮೆ ತಡವರಿಸಿತು. ಐದನೆಯ ಹಾಳೆಯ ಹೊತ್ತಿಗೆ ಹದ ಸಿಕ್ಕಿತು. ಹದಿಮೂರೂ ಒಂದೇ ಅಚ್ಚಿನಿಂದ ಬಿದ್ದ ಹಾಗೆ ದುಂಡಗೆ, ಕಪ್ಪಗೆ ಕೂತವು. ಅವುಗಳಲ್ಲಿ ತನ್ನದು ಯಾವುದೆಂದು ನೋಡಲು ಅವಳೇ ಇಪ್ಪತ್ತರ ಗುರುತಿನಿಂದ ಎಣಿಸಿಕೊಂಡು ಬರಬೇಕಾಯಿತು.